ಬೇಸ್ ಗಿಟಾರ್‌ಗೆ ಮೇಷ್ಟ್ರು ಬೇಕೇ? ನಿರ್ಧರಿಸುವುದು ಹೇಗೆ, ಹುಡುಕುವುದು ಹೇಗೆ

ಬೇಸ್ ಗಿಟಾರ್ ಕೊಂಡ ಮೊದಲ ವಾರದಲ್ಲೇ ಹೆಚ್ಚಿನವರು ಯಾವುದಾದರೂ ಒಂದು ಸರಳ ಹಾಡಿಗೆ ಜೊತೆ ನುಡಿಸಿಬಿಡುತ್ತಾರೆ. ನಾಲ್ಕು ತಂತಿ, ಒಂದು ಹೊತ್ತಿಗೆ ಒಂದೇ ಸ್ವರ. ಗಿಟಾರ್ ಕಲಿಯುವವರ ಹಾಗೆ ಬೆರಳು ತಿರುಚಿ ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರಗಳು) ಹಿಡಿಯುವ ಪಾಡಿಲ್ಲ. ಬೇಕಾದ ಹಾಡಿನ ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಎಂದು ಅಂಕಿಯಲ್ಲಿ ತೋರಿಸುವ ಬರಹ) ಹುಡುಕಿದರೆ ಸಿಗುತ್ತದೆ, ವಿಡಿಯೊ ಪಾಠಗಳಿಗೆ ಕೊನೆಯೇ ಇಲ್ಲ. ಹೀಗಿರುವಾಗ ದುಡ್ಡು ಕೊಟ್ಟು ಕ್ಲಾಸಿಗೆ ಹೋಗಬೇಕೇ ಎಂಬ ಪ್ರಶ್ನೆ ಏಳುವುದು ಸಹಜ.

ನಾನು ಎರಡು ವರ್ಷ ಒಬ್ಬನೇ ಕಲಿತೆ. ಸ್ವರ ತಪ್ಪುತ್ತಿರಲಿಲ್ಲ, ವೇಗವೂ ಬಂದಿತ್ತು. ಆದರೆ ಡ್ರಮ್ಮರ್ ಒಬ್ಬರ ಜೊತೆ ಕೂತಾಗಲೆಲ್ಲ ಹಾಡು ಕೆಸರಲ್ಲಿ ಕಾಲೆಳೆದಂತೆ ಸಾಗುತ್ತಿತ್ತು. ಕಾರಣ ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಒಬ್ಬ ಹಿರಿಯ ಬೇಸ್ ವಾದಕರ ಬಳಿ ಹೋದೆ. ಎಂಟು ಬಾರ್ (ತಾಳದ ಎಂಟು ಆವರ್ತ) ಕೇಳಿಸಿಕೊಂಡು ಅವರು ಅಂದದ್ದು ಇಷ್ಟೇ: "ಸ್ವರ ಎಲ್ಲಿ ಶುರುವಾಗ್ಬೇಕು ಅಂತ ನಿಂಗೆ ಗೊತ್ತಿದೆಯಪ್ಪ. ಎಲ್ಲಿ ನಿಲ್ಬೇಕು ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದ್ದೀಯಾ?"

ಮಾಡಿರಲಿಲ್ಲ. ನನ್ನ ಪ್ರತಿ ಸ್ವರವೂ ಮುಂದಿನದರ ಮೇಲೆ ಹರಿದು, ಸ್ನೇರ್ ಡ್ರಮ್ಮಿನ ಏಟಿಗೆ ಬೇಕಾದ ಜಾಗವನ್ನೆಲ್ಲ ತುಂಬಿಬಿಡುತ್ತಿತ್ತು. ಎರಡು ವರ್ಷ ನನ್ನ ಕಿವಿಗೆ ಬೀಳದ್ದು ಅವರಿಗೆ ಅರ್ಧ ನಿಮಿಷದಲ್ಲಿ ಕೇಳಿಸಿತ್ತು.

ಈ ಬರಹ ಹುಟ್ಟಿದ್ದು ಆ ಅರ್ಧ ನಿಮಿಷದಿಂದ. ಯಾವ ಸ್ವರ ನುಡಿಸಬೇಕು ಎಂಬುದನ್ನು ಇವತ್ತು ಎಲ್ಲಿಂದ ಬೇಕಾದರೂ ಕಲಿಯಬಹುದು. ಮೇಷ್ಟ್ರಿಗೆ ಕೊಡುವ ದುಡ್ಡು ಅವರ ಕಿವಿಗೆ ಮತ್ತು ಕಣ್ಣಿಗೆ. ಆ ಕಿವಿ ನಿಮಗೆ ಈಗಲೇ ಬೇಕೋ, ಮುಂದೆಂದಾದರೂ ಸಾಕೋ, ಬೇಕಿದ್ದರೆ ಅಂಥವರನ್ನು ಪತ್ತೆಹಚ್ಚುವುದು ಹೇಗೋ, ಒಂದೊಂದಾಗಿ ನೋಡೋಣ.

ಹಂತ 1: ಆಸೆಯನ್ನು ಒಂದು ವಾಕ್ಯದಲ್ಲಿ ಬರೆದಿಡಿ

"ಬೇಸ್ ಕಲಿಯಬೇಕು" ಎಂದು ಬರೆದರೆ ಸಾಲದು. "ಆರು ತಿಂಗಳಲ್ಲಿ ಗೆಳೆಯರ ಬ್ಯಾಂಡಿನಲ್ಲಿ ಹತ್ತು ಹಾಡು ನುಡಿಸಬೇಕು", "ಜ್ಯಾಝ್‌ನಲ್ಲಿ ಕಾರ್ಡ್ ನೋಡಿಕೊಂಡು ವಾಕಿಂಗ್ ಬೇಸ್ (ಬೀಟಿಗೊಂದು ಸ್ವರದಂತೆ ನಡೆಯುವ ಬೇಸ್) ಕಟ್ಟುವುದು ಬರಬೇಕು", "ನಾನು ಬರೆದ ಹಾಡುಗಳಿಗೆ ನಾನೇ ಬೇಸ್ ರೆಕಾರ್ಡ್ ಮಾಡಬೇಕು" ಎಂದು ಬರೆಯಿರಿ. ಮೊದಲನೆಯದಕ್ಕೆ ಕೆಲವೇ ಪಾಠ ಸಾಕಾಗಬಹುದು. ಎರಡನೆಯದಕ್ಕೆ ದೀರ್ಘಕಾಲದ ಮೇಷ್ಟ್ರೇ ಬೇಕು. ಮೂರನೆಯದಕ್ಕೆ ರೆಕಾರ್ಡಿಂಗ್ ಅನುಭವ ಇರುವವರು ಬೇಕು. ಈ ಒಂದು ಸಾಲನ್ನು ಜೋಪಾನವಾಗಿಟ್ಟುಕೊಳ್ಳಿ, ಮೇಷ್ಟ್ರಿಗೆ ಬರೆಯುವಾಗ ಮತ್ತೆ ಬೇಕಾಗುತ್ತದೆ.

ಹಂತ 2: ಬೇಸ್‌ನಲ್ಲಿ ಕಷ್ಟ ಎಲ್ಲಿ ಅಡಗಿದೆ ಎಂದು ತಿಳಿದುಕೊಳ್ಳಿ

ಬೇಸ್ ಸುಲಭವಾಗಿ ಕಾಣುವುದಕ್ಕೂ ಚೆನ್ನಾಗಿ ನುಡಿಸುವವರು ಕಡಿಮೆ ಇರುವುದಕ್ಕೂ ಕಾರಣ ಒಂದೇ. ಇದರ ಕಷ್ಟಗಳು ನುಡಿಸುವವರ ಗಮನಕ್ಕೆ ಬರುವುದಿಲ್ಲ.

ಮೊದಲು ಕೈಯ ವಿಷಯ. ಸಾಮಾನ್ಯ ಬೇಸ್‌ನಲ್ಲಿ ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಒಡಲಿನ ಮೇಲೆ ತಂತಿ ಕೂರುವ ಭಾಗ) ತಂತಿಯ ಉದ್ದ 34 ಇಂಚು. ಫ್ರೆಟ್ ಎಂದರೆ ನೆಕ್ಕಿನ ಮೇಲಿನ ಲೋಹದ ಗೆರೆ. ಮೊದಲ ಫ್ರೆಟ್‌ನಿಂದ ನಾಲ್ಕನೆಯ ಫ್ರೆಟ್‌ಗೆ ಸುಮಾರು 13 ಸೆಂಟಿಮೀಟರ್ ದೂರ. 25.5 ಇಂಚಿನ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಅದೇ ದೂರ ಹತ್ತು ಸೆಂಟಿಮೀಟರಿಗೂ ಕಡಿಮೆ. ಪ್ರತಿ ಫ್ರೆಟ್‌ಗೆ ಒಂದು ಬೆರಳು ಎಂಬ ಪದ್ಧತಿಯನ್ನು ಗಿಟಾರ್‌ನಿಂದ ಹಾಗೇ ತಂದು ಕೆಳ ಫ್ರೆಟ್‌ಗಳಲ್ಲಿ ಒತ್ತಾಯದಿಂದ ಹಿಡಿದರೆ ಮಣಿಕಟ್ಟು ಬಾಗುತ್ತದೆ, ಹೆಬ್ಬೆರಳು ನೆಕ್ಕನ್ನು ಹಿಸುಕುತ್ತದೆ. ಇದಕ್ಕೆ ಹಳೆಯ ಪರಿಹಾರವೊಂದಿದೆ. 19ನೇ ಶತಮಾನದಲ್ಲಿ ಡಬಲ್ ಬೇಸ್ ಕಲಿಸುತ್ತಿದ್ದ ಫ್ರಾಂಟ್ಸ್ ಸಿಮಾಂಡಲ್ ಹೆಸರಿನಲ್ಲಿ ಇಂದಿಗೂ ಕರೆಯುವ ಪದ್ಧತಿಯಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಇವಷ್ಟೇ ಸ್ವರ ಹಿಡಿಯುತ್ತವೆ. ಉಂಗುರಬೆರಳು ಕಿರುಬೆರಳಿಗೆ ಆಸರೆಯಾಗಿ ನಿಲ್ಲುತ್ತದೆ. ಕೈ ಮೂರು ಫ್ರೆಟ್‌ಗಳಷ್ಟೇ ಚಾಚಿ, ಉಳಿದದ್ದಕ್ಕೆ ಜಾರಿಕೊಂಡು ಹೋಗುತ್ತದೆ. ನಿಮ್ಮ ಕೈಗೆ ಎಲ್ಲಿಯವರೆಗೆ ಈ ಪದ್ಧತಿ, ಎಲ್ಲಿಂದ ಮುಂದೆ ಫ್ರೆಟ್‌ಗೊಂದು ಬೆರಳು ಎಂದು ಹೇಳಲು ನಿಮ್ಮ ಕೈಯನ್ನು ಯಾರಾದರೂ ನೋಡಬೇಕು. ವಿಡಿಯೊ ಪಾಠಕ್ಕೆ ನಿಮ್ಮ ಕೈ ಕಾಣುವುದಿಲ್ಲ.

ಎರಡನೆಯದು ಸದ್ದಡಗಿಸುವುದು. ಒಂದು ತಂತಿ ಮೀಟಿದಾಗ ಉಳಿದ ಮೂರೂ ಸಣ್ಣಗೆ ಮೊಳಗುತ್ತಿರುತ್ತವೆ. ಮನೆಯಲ್ಲಿ ಕಡಿಮೆ ದನಿಯಲ್ಲಿ ಅದು ಕೇಳಿಸದು. ದೊಡ್ಡ ಆಂಪ್‌ಗೆ ಜೋಡಿಸಿದ ಕ್ಷಣ ಎಲ್ಲವೂ ಸೇರಿ ಗುಂಯ್‌ಗುಡುತ್ತದೆ. ಒಳ್ಳೆಯ ಬೇಸ್ ವಾದಕರ ಎರಡೂ ಕೈಗಳ ಅರ್ಧ ಕೆಲಸ ತಂತಿಗಳನ್ನು ಸುಮ್ಮನಿರಿಸುವುದೇ ಆಗಿರುತ್ತದೆ.

ಮೂರನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು, ಕಾಲ. ಬೇಸ್ ಸ್ವರ ಕಿಕ್ ಡ್ರಮ್ಮಿನ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಏಟಿನ ಮೇಲೆ ಕೂರಬೇಕು, ಸರಿಯಾದ ಉದ್ದಕ್ಕೆ ನಿಂತು, ಸರಿಯಾದ ಕಡೆ ಮುಗಿಯಬೇಕು. ಒಂದೇ ಸ್ವರವನ್ನು ಸ್ನೇರ್‌ಗೆ ಮುಂಚೆ ಕತ್ತರಿಸಿದರೆ ಹಾಡು ಕುಣಿಯುತ್ತದೆ, ಮೇಲೆ ಹರಿಯಬಿಟ್ಟರೆ ಜೋತುಬೀಳುತ್ತದೆ. ಟ್ಯಾಬ್‌ನಲ್ಲಿ ಯಾವ ಫ್ರೆಟ್ ಎಂದು ಬರೆದಿರುತ್ತದೆ. ಸ್ವರದ ಉದ್ದವನ್ನು ಬಹಳಷ್ಟು ಟ್ಯಾಬ್‌ಗಳು ಹೇಳುವುದೇ ಇಲ್ಲ.

ಇಲ್ಲಿ ಒಂದು ಮಾತು ಏಳುತ್ತದೆ. ದೊಡ್ಡ ದೊಡ್ಡ ಬೇಸ್ ವಾದಕರು ಕ್ಲಾಸಿಗೆ ಹೋಗದೆಯೇ ಕಲಿತವರಲ್ಲವೇ? ಹೌದು, ಆದರೆ ಅವರು ಒಂಟಿಯಾಗಿ ಕಲಿತವರಲ್ಲ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಬೇಸ್ ಹಿಡಿದದ್ದು 1961ರಲ್ಲಿ, ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದವರು ಬಿಟ್ಟುಹೋದ ಮೇಲೆ. ಆ ಕಾಲದಲ್ಲಿ ಅವರ ಬ್ಯಾಂಡು ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಗಂಟೆಗಟ್ಟಲೆ ನುಡಿಸುತ್ತಿತ್ತು. ಬಲಗೈಯ ತೋರುಬೆರಳೊಂದರಲ್ಲೇ ಮೀಟಿ ಅಮೆರಿಕದ ಮೋಟೌನ್ ಧ್ವನಿಮುದ್ರಣ ಕಂಪನಿಯ ಸಂಗೀತಕ್ಕೆ ಅಡಿಪಾಯ ಹಾಕಿದ ಜೇಮ್ಸ್ ಜೇಮರ್ಸನ್ ಹೈಸ್ಕೂಲಿನಲ್ಲೇ ಡಬಲ್ ಬೇಸ್ ಹಿಡಿದಿದ್ದರು, ಮುಂದೆ ಡೆಟ್ರಾಯಿಟ್‌ನ ನುರಿತ ಕಲಾವಿದರ ನಡುವೆ ಬೆಳೆದರು. ಅಮೆರಿಕದ ಬೇಸ್ ವಾದಕ ವಿಕ್ಟರ್ ವೂಟನ್‌ಗೆ ಕಲಿಸಲು ಮನೆಯಲ್ಲೇ ಅಣ್ಣ ಇದ್ದ, ಜೊತೆಗೆ ನುಡಿಸಲು ಇನ್ನೂ ಮೂವರು ಅಣ್ಣಂದಿರಿದ್ದರು. ಇವರೆಲ್ಲರ ಸುತ್ತ ಪ್ರತಿದಿನ ತಪ್ಪು ತಿದ್ದುವ ಕಿವಿಗಳಿದ್ದವು. ನಿಮ್ಮ ಸುತ್ತಲೂ ಅಂಥ ಕಿವಿಗಳಿದ್ದರೆ ಕ್ಲಾಸ್ ಇಲ್ಲದೆಯೂ ಕಲಿಯಬಹುದು. ಕೋಣೆಯಲ್ಲಿ ಒಬ್ಬರೇ ಕೂತು ಕಲಿಯುತ್ತಿದ್ದರೆ ನಿಮ್ಮ ಸ್ಥಿತಿಯೇ ಬೇರೆ.

ಹಂತ 3: ಮೂರು ವಾರದ ರೆಕಾರ್ಡಿಂಗ್ ಪರೀಕ್ಷೆ

ಕ್ಲಾಸ್ ಬೇಕೋ ಬೇಡವೋ ಎಂಬುದನ್ನು ಊಹೆಗೆ ಬಿಡಬೇಡಿ, ಪರೀಕ್ಷಿಸಿ. ಬೇಕಾದದ್ದು ಒಂದು ಫೋನು, ಒಂದು ಮೆಟ್ರೋನೋಮ್ (ಸಮ ಅಂತರದಲ್ಲಿ ಟಿಕ್ ಎನ್ನುವ ಸಾಧನ), ಒಂದು ಜೊತೆ ಹೆಡ್‌ಫೋನು. ಹೆಡ್‌ಫೋನು ಯಾಕೆಂದರೆ ಬೇಸ್‌ನ ತೀರ ಕೆಳಗಿನ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಹೊರಡಿಸಲು ಆಗುವುದಿಲ್ಲ.

ಅದಕ್ಕೂ ಮುಂಚೆ ವಾದ್ಯವನ್ನು ಒಮ್ಮೆ ರಿಪೇರಿ ಮಾಡುವವರ ಬಳಿ ಸೆಟಪ್ ಮಾಡಿಸಿ. ತಂತಿ ಫ್ರೆಟ್‌ನಿಂದ ತೀರ ಮೇಲಿದ್ದರೆ ಎಂಥ ಕೈಯಾದರೂ ಸೋಲುತ್ತದೆ. ನೆಕ್ಕಿನ ಬಾಗು, ತಂತಿಯ ಎತ್ತರ, ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ) ಸರಿಯಾದ ಮೇಲೆ ಉಳಿಯುವ ತಪ್ಪು ಮಾತ್ರ ನಿಮ್ಮದು. ಎಷ್ಟೋ ಜನ ಈ ಕೆಲಸ ಮಾಡದೆ ತಮ್ಮ ಬೆರಳನ್ನೇ ದೂಷಿಸಿಕೊಂಡು ಬೇಸ್ ಬಿಟ್ಟಿದ್ದಾರೆ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮೊದಲ ವಾರ ಈ ಐದನ್ನು ರೆಕಾರ್ಡ್ ಮಾಡಿ.

ಒಂದು: ಮೆಟ್ರೋನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು, ಒಂದೇ ಸ್ವರವನ್ನು ತೋರುಬೆರಳು, ನಡುಬೆರಳು ಬದಲಿಸುತ್ತ ಎಂಟು ಬಾರ್ ನುಡಿಸಿ. ಎರಡು ಬೆರಳಿನ ಏಟೂ ಒಂದೇ ತೂಕದ್ದೇ?

ಎರಡು: ಒಂದು ಬೀಟ್ ಸ್ವರ, ಒಂದು ಬೀಟ್ ಮೌನ. ಮೌನ ನಿಜಕ್ಕೂ ಮೌನವೇ? ಅದು ಬೀಟಿನ ಮೇಲೆಯೇ ಶುರುವಾಗುತ್ತಿದೆಯೇ?

ಮೂರು: ಇ ತಂತಿಯಿಂದ ಜಿ ತಂತಿಯವರೆಗೆ ಹೋಗಿ, ಮತ್ತೆ ಕೆಳಗೆ ಬನ್ನಿ. ಬಿಟ್ಟುಬಂದ ತಂತಿ ಹಿಂದೆ ಮೊಳಗುತ್ತಿದೆಯೇ? ಸಾಮಾನ್ಯವಾಗಿ ಕೆಳಗೆ ಬರುವಾಗ ಹೆಚ್ಚು ಮೊಳಗುತ್ತದೆ. ಮೇಲೆ ಹೋಗುವಾಗ ಮೀಟಿದ ಬೆರಳು ಹಿಂದಿನ ತಂತಿಗೆ ಒರಗಿ ಒಂದಿಷ್ಟು ಸಹಾಯ ಮಾಡುತ್ತದೆ.

ನಾಲ್ಕು: ಮೆಟ್ರೋನೋಮ್ 40ಕ್ಕೆ ಇಟ್ಟು, ಅದರ ಟಿಕ್ ಎರಡನೆಯ ಮತ್ತು ನಾಲ್ಕನೆಯ ಬೀಟ್ ಎಂದು ಭಾವಿಸಿ ನುಡಿಸಿ. ಆಗ ಹಾಡಿನ ನಡೆ 80 ಆಗುತ್ತದೆ. ಒಂದು ಮತ್ತು ಮೂರನ್ನು ನೀವೇ ಹೊರಬೇಕು. ನಡೆ ಓಡುತ್ತಿದೆಯೋ, ಹಿಂದೆ ಬೀಳುತ್ತಿದೆಯೋ ಎಂಬುದು ಇಲ್ಲಿ ಬಯಲಾಗುತ್ತದೆ.

ಐದು: ಟ್ಯಾಬ್ ನೋಡದೆ, ಇಷ್ಟದ ಹಾಡಿನ ಎಂಟು ಬಾರ್ ಬೇಸನ್ನು ಕಿವಿಯಿಂದಲೇ ಹುಡುಕಿ ನುಡಿಸಿ.

ರೆಕಾರ್ಡ್ ಮಾಡಿದ ದಿನವೇ ಕೇಳಬೇಡಿ. ಕೈಯಲ್ಲಿ ನುಡಿಸಿದ ನೆನಪು ಹಸಿಯಾಗಿರುವಾಗ ಕಿವಿ ಸುಳ್ಳು ಹೇಳುತ್ತದೆ. ಮಾರನೆಯ ದಿನ ಕೇಳಿ, ಕಂಡ ತಪ್ಪುಗಳನ್ನು ಬರೆದಿಟ್ಟು, ದಿನಕ್ಕೆ ಇಪ್ಪತ್ತು ನಿಮಿಷ ಅವುಗಳ ಮೇಲೆ ಕೆಲಸ ಮಾಡಿ. ಎರಡನೆಯ ವಾರದ ಕೊನೆಗೆ, ಮತ್ತೆ ಮೂರನೆಯ ವಾರದ ಕೊನೆಗೆ, ಅದೇ ಐದನ್ನು ರೆಕಾರ್ಡ್ ಮಾಡಿ.

ಈಗ ತೀರ್ಪು. ತಪ್ಪು ನಿಮಗೇ ಕೇಳಿಸಿತು, ಮೂರು ವಾರದಲ್ಲಿ ಕಡಿಮೆಯೂ ಆಯಿತು ಎಂದಾದರೆ ಸದ್ಯಕ್ಕೆ ಕ್ಲಾಸ್ ಬೇಡ, ನಿಮ್ಮ ದಾರಿ ಸರಿಯಾಗಿದೆ. ತಪ್ಪು ಕೇಳಿಸುತ್ತದೆ ಆದರೆ ಅಲುಗಾಡುತ್ತಿಲ್ಲ ಎಂದಾದರೆ ಮೇಷ್ಟ್ರು ಬೇಕು. ಹೆಚ್ಚಾಗಿ ಕೆಲವೇ ಪಾಠದಲ್ಲಿ ಗಂಟು ಬಿಚ್ಚುತ್ತದೆ. ಮೂರನೆಯ ಸಾಧ್ಯತೆಯೊಂದಿದೆ. ರೆಕಾರ್ಡಿಂಗ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ, ಆದರೂ ಬೇರೆಯವರ ಜೊತೆ ನುಡಿಸಿದಾಗ ಕೂಡಿಬರುವುದಿಲ್ಲ. ನಾನು ಇದ್ದದ್ದು ಇಲ್ಲೇ. ಈ ಸ್ಥಿತಿಯಲ್ಲಿರುವವರಿಗೆ ತಮಗೆ ಮೇಷ್ಟ್ರು ಬೇಕು ಎಂದು ಎಲ್ಲರಿಗಿಂತ ತಡವಾಗಿ ಅನಿಸುತ್ತದೆ, ಅಗತ್ಯ ಮಾತ್ರ ಎಲ್ಲರಿಗಿಂತ ಹೆಚ್ಚು.

ನುಡಿಸುವಾಗ ನೋವು, ಜೋಮು, ಮರಗಟ್ಟುವಿಕೆ ಇದ್ದರೆ ಈ ಪರೀಕ್ಷೆಯನ್ನೆಲ್ಲ ಬದಿಗಿಡಿ. ಮೊದಲು ವೈದ್ಯರು, ಆಮೇಲೆ ಕೂರುವ ನಿಲ್ಲುವ ಭಂಗಿ ತಿದ್ದಬಲ್ಲ ಮೇಷ್ಟ್ರು. ಬೆರಳತುದಿಯ ಚರ್ಮ ಉರಿಯುವುದು ಸಹಜ, ಮಣಿಕಟ್ಟು ಮುಂಗೈ ನೋಯುವುದು ಸಹಜವಲ್ಲ.

ಹಂತ 4: ಸಮಯ ಮತ್ತು ದುಡ್ಡಿನ ಲೆಕ್ಕ

ಪಾಠ ಇರುವುದು ವಾರಕ್ಕೊಮ್ಮೆ, ಕಲಿಕೆ ಆಗುವುದು ನಡುವಿನ ಆರು ದಿನಗಳಲ್ಲಿ. ಹೆಚ್ಚಿನ ದಿನಗಳಲ್ಲಿ ಇಪ್ಪತ್ತು ನಿಮಿಷವೂ ಸಿಗದಿದ್ದರೆ ವಾರದ ಕ್ಲಾಸಿಗೆ ಸೇರಬೇಡಿ. ಅಭ್ಯಾಸವಿಲ್ಲದೆ ಹೋದಾಗ ಮೇಷ್ಟ್ರು ಹಿಂದಿನ ಪಾಠವನ್ನೇ ಮತ್ತೆ ಹೇಳುತ್ತಾರೆ, ಇಬ್ಬರಿಗೂ ಉತ್ಸಾಹ ಇಳಿಯುತ್ತದೆ.

ಆದರೆ ವಾರದ ಕ್ಲಾಸ್ ಇಲ್ಲವಾದರೆ ಏನೂ ಇಲ್ಲ ಎಂದುಕೊಳ್ಳಬೇಡಿ. ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಕಲಿಸಲು ಒಪ್ಪುವವರಿದ್ದಾರೆ. ಒಬ್ಬರೇ ಕಲಿಯಲು ಗಟ್ಟಿಮನಸ್ಸು ಮಾಡಿದವರಿಗೂ ನಾನು ಹೇಳುವುದೊಂದೇ: ಶುರುವಿನಲ್ಲಿ ಮೂರ್ನಾಲ್ಕು ಪಾಠ ತೆಗೆದುಕೊಳ್ಳಿ. ಕೈ ಕೂರುವ ರೀತಿ, ಸ್ಟ್ರ್ಯಾಪಿನ ಎತ್ತರ, ಬಲಗೈ ಹೆಬ್ಬೆರಳಿನ ಜಾಗ, ಸದ್ದಡಗಿಸುವ ಮೊದಲ ಅಭ್ಯಾಸ ಇಷ್ಟನ್ನು ಕಲಿತರೆ ಮುಂದಿನ ಒಂದು ವರ್ಷ ಒಬ್ಬರೇ ನಡೆಯಬಹುದು. ಎರಡು ವರ್ಷ ಕೈಗೆ ಅಂಟಿದ್ದನ್ನು ಬಿಡಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಮೊದಲೇ ಹೋಗಿದ್ದರೆ ನಾಲ್ಕು ಪಾಠದಲ್ಲಿ ಮುಗಿಯುತ್ತಿತ್ತು.

ಹಂತ 5: ಯಾವ ಬಗೆಯ ಮೇಷ್ಟ್ರು?

ಪಿಟೀಲಿಗೆ, ಪಿಯಾನೊಗೆ ನೂರಾರು ವರ್ಷಗಳ ಬೋಧನಾ ಪರಂಪರೆ ಇದೆ. ಎಲೆಕ್ಟ್ರಿಕ್ ಬೇಸ್ ಅಷ್ಟು ಹಳೆಯದಲ್ಲ. ಲಿಯೋ ಫೆಂಡರ್ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತದೆ ಎಂಬುದು ಆ ಹೆಸರಿನ ಅರ್ಥ. ಹೀಗಾಗಿ ಬೇಸ್ ಕಲಿಸುವವರು ನಾನಾ ದಿಕ್ಕಿನಿಂದ ಬಂದವರು, ಅವರ ಪದ್ಧತಿಗಳೂ ಬೇರೆ ಬೇರೆ. ಆಯ್ಕೆಯಲ್ಲಿ ಎಚ್ಚರ ಬೇಕಾಗಿರುವುದು ಇದಕ್ಕೇ.

ಡಬಲ್ ಬೇಸ್‌ನಿಂದ ಬಂದವರು ಎಡಗೈಯ ಶಿಸ್ತು, ನೊಟೇಶನ್ ಓದು, ವಾಕಿಂಗ್ ಬೇಸ್ ಚೆನ್ನಾಗಿ ಕಲಿಸುತ್ತಾರೆ. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಹೊಡೆಯುವುದು), ಪಿಕ್ ನುಡಿಸಾಣಿಕೆ ಅವರ ಕೈಯಲ್ಲಿ ಇರಬಹುದು, ಇಲ್ಲದಿರಬಹುದು. ಬ್ಯಾಂಡುಗಳಲ್ಲಿ ನುರಿತವರಿಗೆ ಡ್ರಮ್ಮಿನ ಜೊತೆ ಕೂರುವ ಗುಟ್ಟು ಗೊತ್ತು. ಆದರೆ ಗೊತ್ತಿದ್ದದ್ದನ್ನು ಬಿಡಿಸಿ ಹೇಳುವ ಕಲೆ ಎಲ್ಲರಿಗೂ ಇರುವುದಿಲ್ಲ.

ಇನ್ನು ಗಿಟಾರ್ ಮೇಷ್ಟ್ರು. "ಬೇಸೂ ಹೇಳಿಕೊಡ್ತೀನಿ" ಎನ್ನುವವರೇ ಎಲ್ಲ ಕಡೆ ಹೆಚ್ಚು. ಗಿಟಾರ್‌ನಿಂದ ಬಂದವರು ಬೇಸ್ ಕಲಿಸಬಾರದು ಎಂದೇನಿಲ್ಲ. ಗಿಟಾರ್ ವಾದಕಿಯಾಗಿದ್ದ ಕ್ಯಾರೊಲ್ ಕೇ 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್ ವಾದಕರು ಬಾರದಿದ್ದಾಗ ಬೇಸ್ ಹಿಡಿದರು, ಮುಂದೆ ಸ್ಟುಡಿಯೊಗಳು ಹುಡುಕಿಕೊಂಡು ಬರುವ ಬೇಸ್ ವಾದಕಿಯಾದರು, ಎಷ್ಟೋ ಜನರಿಗೆ ಕಲಿಸಿದರು. ಕೇಳಬೇಕಾದ ಪ್ರಶ್ನೆ ಇದು: ಇವರು ಡ್ರಮ್ಮರ್ ಜೊತೆ ಬೇಸ್ ವಾದಕರಾಗಿ ನುಡಿಸಿದ್ದಾರೆಯೇ? ಅಥವಾ ಗಿಟಾರ್ ಪಾಠವನ್ನೇ ನಾಲ್ಕು ತಂತಿಗೆ ಇಳಿಸಿ ಹೇಳುತ್ತಿದ್ದಾರೆಯೇ?

ಪ್ರಮಾಣಪತ್ರ ಬೇಕೆನ್ನುವವರಿಗೆ ರಾಕ್‌ಸ್ಕೂಲ್, ಟ್ರಿನಿಟಿಯಂಥ ಸಂಸ್ಥೆಗಳ ಬೇಸ್ ಗಿಟಾರ್ ಪರೀಕ್ಷೆಗಳಿವೆ, ಗ್ರೇಡ್ 8ರವರೆಗೆ. ಮುಂದೆ ಸಂಗೀತವನ್ನೇ ಓದುವ ಯೋಚನೆ ಇರುವವರಿಗೆ, ಗುರಿಯಿಲ್ಲದೆ ಅಭ್ಯಾಸಕ್ಕೆ ಕೂರಲಾಗದವರಿಗೆ ಇವು ಒಳ್ಳೆಯವು. ಬ್ಯಾಂಡಿನಲ್ಲಿ ನುಡಿಸುವುದಷ್ಟೇ ಆಸೆಯಾಗಿದ್ದರೆ ಅಗತ್ಯವಿಲ್ಲ.

ಹಂತ 6: ಎಲ್ಲಿ ಹುಡುಕಬೇಕು?

ಮೊದಲು ಡ್ರಮ್ಮರ್‌ಗಳನ್ನು ಕೇಳಿ. ಯಾವ ಬೇಸ್ ವಾದಕರ ಜೊತೆ ನುಡಿಸಿದರೆ ಕೆಲಸ ಹಗುರವಾಗುತ್ತದೆ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಎರಡು ಮೂರು ಡ್ರಮ್ಮರ್‌ಗಳು ಒಂದೇ ಹೆಸರು ಹೇಳಿದರೆ ನಿಮ್ಮ ಹುಡುಕಾಟ ಬಹುಪಾಲು ಮುಗಿದಂತೆ.

ಸಂಗೀತ ಕಾರ್ಯಕ್ರಮಗಳಿಗೆ ಹೋಗಿ, ಬೇಸ್ ಇಷ್ಟವಾದರೆ ಮುಗಿದ ಮೇಲೆ ನುಡಿಸಿದವರನ್ನೇ ಮಾತಾಡಿಸಿ. ಬೇಸ್ ವಾದಕರನ್ನು ಹುಡುಕಿಕೊಂಡು ಬಂದು ಮೆಚ್ಚುವ ಕೇಳುಗರು ಕಡಿಮೆ, ಅವರು ಸಂತೋಷದಿಂದಲೇ ಮಾತಾಡುತ್ತಾರೆ. ತಾವು ಕಲಿಸದಿದ್ದರೂ ತಮಗೆ ಕಲಿಸಿದವರ ಹೆಸರು ಕೊಡುತ್ತಾರೆ. ವಾದ್ಯ ರಿಪೇರಿ ಮಾಡುವವರ ಬಳಿಗೆ ಎಲ್ಲರ ಬೇಸೂ ಬರುತ್ತದೆ, ಅವರನ್ನೂ ಕೇಳಿ. ಸಂಗೀತ ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಕಡಿಮೆ ಶುಲ್ಕಕ್ಕೆ ಒಳ್ಳೆಯ ಪಾಠ ಹೇಳುವುದುಂಟು. ಜಾಹೀರಾತು, ಸಾಮಾಜಿಕ ಜಾಲತಾಣಗಳ ವಿಡಿಯೊ ನೋಡಿ ಆರಿಸುವುದನ್ನು ಕೊನೆಗಿಡಿ. ಅಲ್ಲಿ ಹೆಚ್ಚು ಕಾಣುವುದು ವೇಗದ ಸೋಲೊಗಳು. ಬೇಸ್ ಕಲಿಸುವ ಯೋಗ್ಯತೆ ಅದರಿಂದ ತಿಳಿಯದು.

ಮೂರು ಹೆಸರು ಸಿಕ್ಕರೆ ಸಾಕು, ಬರೆಯಿರಿ. ಉದ್ದ ಬೇಡ. ಹೀಗೆ ಬರೆದರೆ ಆಯಿತು: "ನಮಸ್ಕಾರ. ನಾನು ಎಂಟು ತಿಂಗಳಿಂದ ಬೇಸ್ ನುಡಿಸುತ್ತಿದ್ದೇನೆ, ನಾಲ್ಕು ತಂತಿಯದು. ಗೆಳೆಯರ ಬ್ಯಾಂಡಿನಲ್ಲಿ ನುಡಿಸುವ ಆಸೆ. ಮೆಟ್ರೋನೋಮ್ ಜೊತೆ ನಿಧಾನದ ನಡೆಯಲ್ಲಿ ಮುಂದೋಡುತ್ತೇನೆ, ತಂತಿ ಬದಲಿಸುವಾಗ ಸದ್ದು ಉಳಿಯುತ್ತದೆ. ಒಂದು ನಿಮಿಷದ ರೆಕಾರ್ಡಿಂಗ್ ಕಳಿಸಿದ್ದೇನೆ. ಒಂದು ಪ್ರಯೋಗದ ಪಾಠಕ್ಕೆ ಬರಬಹುದೇ? ಶುಲ್ಕ, ಸಮಯ, ಪಾಠ ತಪ್ಪಿದರೆ ಏನು ನಿಯಮ ಎಂದು ದಯವಿಟ್ಟು ತಿಳಿಸಿ." ಬರುವ ಉತ್ತರದಲ್ಲಿ ರೆಕಾರ್ಡಿಂಗ್ ಬಗ್ಗೆ ಒಂದು ಸಾಲಾದರೂ ಇದ್ದರೆ ಅವರು ಕೇಳಿಸಿಕೊಳ್ಳುವ ಜನ. ಬರೀ ಶುಲ್ಕದ ಪಟ್ಟಿ ಬಂದರೂ ಕೈಬಿಡಬೇಡಿ, ಕೆಲವರಿಗೆ ಬರವಣಿಗೆ ಒಗ್ಗುವುದಿಲ್ಲ.

ಹಂತ 7: ಪ್ರಯೋಗದ ಪಾಠದಲ್ಲಿ ಏನು ಗಮನಿಸಬೇಕು

ಮೇಷ್ಟ್ರನ್ನು ಅಳೆಯಲು ಸಿಗುವ ಒಂದೇ ಒಂದು ನಿಜವಾದ ಅವಕಾಶ ಇದು. ಸಾಧ್ಯವಾದರೆ ದುಡ್ಡು ಕೊಟ್ಟೇ ಇಬ್ಬರ ಬಳಿ ಪ್ರಯೋಗದ ಪಾಠ ಪಡೆಯಿರಿ. ಹೋಲಿಸಲು ಇನ್ನೊಂದು ಇಲ್ಲದಿದ್ದರೆ ಮೊದಲು ಸಿಕ್ಕವರೇ ಚೆನ್ನಾಗಿ ಕಾಣುತ್ತಾರೆ.

ಮೊದಲ ಹತ್ತು ನಿಮಿಷ ಗಮನಿಸಿ. ನಿಮ್ಮನ್ನು ನುಡಿಸಲು ಹೇಳಿ ಕೇಳಿಸಿಕೊಂಡರೇ, ಅಥವಾ ತಾವೇ ನುಡಿಸಿ ತೋರಿಸಿದರೇ? ಕೈಚಳಕ ನೋಡಿ ಮರುಳಾಗುವುದು ಸುಲಭ. ನಾನು ಒಮ್ಮೆ ಒಬ್ಬರ ಪ್ರಯೋಗದ ಪಾಠದಲ್ಲಿ ಮುಕ್ಕಾಲು ಗಂಟೆ ಅವರ ನುಡಿಸಾಣಿಕೆ ಕೇಳಿ ಬೆರಗಾಗಿ ಮನೆಗೆ ಬಂದೆ, ಬೇಸ್ ಚೀಲದಿಂದ ಹೊರಗೆ ಬಂದದ್ದು ಐದು ನಿಮಿಷ. ಅದು ಕಛೇರಿಯಾಗಿತ್ತು, ಪಾಠವಾಗಿರಲಿಲ್ಲ.

ನೀವು ನುಡಿಸಿದ ಮೇಲೆ ಅವರು ಏನು ಹೇಳುತ್ತಾರೆ? ಒಳ್ಳೆಯ ಮೇಷ್ಟ್ರು ಹತ್ತು ತಪ್ಪು ಕೇಳಿಸಿಕೊಂಡು ಒಂದನ್ನು ಆರಿಸುತ್ತಾರೆ. ಆ ಒಂದು ಸರಿಯಾದರೆ ಇನ್ನು ಮೂರು ತಾವಾಗಿ ಸರಿಯಾಗುವಂಥದ್ದನ್ನು. ಸ್ವರದ ಕೊನೆ, ಬೆರಳಿನ ಏಟಿನ ತೂಕ, ಮಿಕ್ಕ ತಂತಿಗಳ ಸದ್ದು, ಕಿಕ್ ಡ್ರಮ್ ಇವುಗಳಲ್ಲಿ ಒಂದಾದರೂ ಮಾತಿನಲ್ಲಿ ಬಂದರೆ ಇವರು ಬೇಸ್ ಮೇಷ್ಟ್ರು. ಬರೀ ಸ್ಕೇಲ್, ಮೋಡ್, ವೇಗ ಎಂದರೆ ಅನುಮಾನಪಡಿ.

ತಿದ್ದುಪಡಿ ಅಲ್ಲೇ ಕೆಲಸ ಮಾಡಿತೇ? ಪಾಠ ಮುಗಿಯುವ ಹೊತ್ತಿಗೆ ಒಂದು ಸಣ್ಣ ಸಂಗತಿಯಾದರೂ ಮುಂಚೆಗಿಂತ ಚೆನ್ನಾಗಿ ಬಂದು, ಅದನ್ನು ಮನೆಯಲ್ಲಿ ಹೇಗೆ ಅಭ್ಯಾಸ ಮಾಡಬೇಕು ಎಂದು ತಿಳಿದಿರಬೇಕು. "ಚೆನ್ನಾಗಿ ಪ್ರಾಕ್ಟೀಸ್ ಮಾಡಿ" ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. "ಈ ನಾಲ್ಕು ಬಾರ್, 60ರ ನಡೆ, ತಂತಿ ದಾಟುವಾಗ ಎಡಗೈ ಬೆರಳು ಹೀಗೆ ಒರಗಿಸಿ, ದಿನಕ್ಕೆ ಹತ್ತು ನಿಮಿಷ" ಎಂದರೆ ಅದು ಪಾಠ.

ಅವರು ನಿಮ್ಮ ಜೊತೆ ನುಡಿಸಿದರೇ? ಗಿಟಾರಿನಲ್ಲಿ ಕಾರ್ಡ್ ಹಿಡಿದೋ, ಡ್ರಮ್ ಮೆಷೀನ್ ಹಾಕಿಯೋ, ಮೇಜು ತಟ್ಟಿಯೋ. ಬೇಸ್ ಒಂಟಿ ವಾದ್ಯವಲ್ಲ. ಪಾಠದಲ್ಲಿ ಒಮ್ಮೆಯೂ ಬೇರೊಂದು ಸದ್ದಿನ ಜೊತೆ ಸೇರದೆ ಹೋದರೆ ಕಲಿತದ್ದು ಬ್ಯಾಂಡಿನಲ್ಲಿ ಉಪಯೋಗಕ್ಕೆ ಬರುವುದು ಕಷ್ಟ.

ಕೊನೆಗೆ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಮೊದಲ ಮೂರು ತಿಂಗಳಲ್ಲಿ ನನಗೆ ಏನು ಬರಬೇಕು? ಕೆಳ ಫ್ರೆಟ್‌ಗಳಲ್ಲಿ ಯಾವ ಬೆರಳು ಪದ್ಧತಿ, ಯಾಕೆ? ನೊಟೇಶನ್ ಕಲಿಸುತ್ತೀರಾ? ಬೆರಳು ಪದ್ಧತಿಗೆ "ಎಲ್ಲರಿಗೂ ಇದೇ" ಎಂಬುದಕ್ಕಿಂತ "ನಿಮ್ಮ ಕೈ ನೋಡೋಣ" ಎಂಬ ಉತ್ತರ ಒಳ್ಳೆಯದು. ನೊಟೇಶನ್ ಬಗ್ಗೆ ನನ್ನ ಅಭಿಪ್ರಾಯ ಹೇಳುವುದಾದರೆ, ಬೇಸ್ ಕ್ಲೆಫ್ (ಕೆಳ ಸ್ವರಗಳನ್ನು ಬರೆಯುವ ನೊಟೇಶನ್ ಗುರುತು) ಓದುವುದು ಕಲಿಯಿರಿ. ಸ್ವರದ ಉದ್ದ, ಮೌನದ ಉದ್ದ ಅಲ್ಲಿ ಕಣ್ಣಿಗೇ ಕಾಣುತ್ತದೆ. ಬರೆದದ್ದಕ್ಕಿಂತ ಒಂದು ಆಕ್ಟೇವ್ ಕೆಳಗೆ ಬೇಸ್ ನುಡಿಯುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಗೊಂದಲವಿಲ್ಲ.

ಅವಮಾನಿಸಿ ಮಾತಾಡುವವರು, ಪಾಠದ ನಡುವೆ ಫೋನಿನಲ್ಲಿ ಮುಳುಗುವವರು, ಮೊದಲ ದಿನವೇ ಇಡೀ ವರ್ಷದ ಶುಲ್ಕ ಕೇಳುವವರು, ನಿಮ್ಮ ಇಷ್ಟದ ಸಂಗೀತವನ್ನು ಹೀಗಳೆಯುವವರು ಎಷ್ಟೇ ದೊಡ್ಡ ಕಲಾವಿದರಾದರೂ ಬೇಡ.

ಮಕ್ಕಳಿಗಾಗಿ ಹುಡುಕುತ್ತಿದ್ದರೆ ಇನ್ನೆರಡು ಮಾತು. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಕೊಡಿಸಿ, ಪುಟ್ಟ ಕೈಗೆ ಹಿತ. ಪಾಠದ ಕೋಣೆಯಲ್ಲಿ ಹೆತ್ತವರು ಕೂರಬಹುದೇ ಎಂದು ಕೇಳಿ. ಬೇಡ ಎನ್ನುವವರ ಬಳಿಗೆ ಕಳಿಸಬೇಡಿ.

ಹಂತ 8: ಆನ್‌ಲೈನ್ ಪಾಠವಾದರೆ

ಹತ್ತಿರದಲ್ಲಿ ಬೇಸ್ ಮೇಷ್ಟ್ರು ಇಲ್ಲದವರಿಗೆ ಇದು ವರ. ಆದರೆ ಎರಡು ಮಿತಿಗಳಿವೆ. ವಿಡಿಯೊ ಕರೆಯಲ್ಲಿ ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲಾಗದು. ಅದಕ್ಕೆ ಪರಿಹಾರವೆಂದರೆ ಮೇಷ್ಟ್ರು ಕಳಿಸಿದ ಡ್ರಮ್ ಟ್ರ್ಯಾಕಿನ ಜೊತೆ ನೀವು ನಿಮ್ಮ ಕಡೆಯೇ ನುಡಿಸಿ ರೆಕಾರ್ಡ್ ಮಾಡಿ, ಪಾಠಕ್ಕೆ ಒಂದು ದಿನ ಮುಂಚೆ ಕಳಿಸುವುದು. ಇನ್ನೊಂದು, ಕರೆಯ ತಂತ್ರಾಂಶಗಳು ಹಿನ್ನೆಲೆ ಗದ್ದಲವೆಂದುಕೊಂಡು ಬೇಸ್ ಸದ್ದನ್ನೇ ಅಳಿಸಿಬಿಡುತ್ತವೆ. ಸೆಟ್ಟಿಂಗ್‌ನಲ್ಲಿ ಗದ್ದಲ ತಡೆಯುವ ಆಯ್ಕೆಯನ್ನು ಆಫ್ ಮಾಡಿ. ಆಡಿಯೊ ಇಂಟರ್‌ಫೇಸ್ ಮೂಲಕ ಬೇಸನ್ನು ನೇರ ಕಂಪ್ಯೂಟರಿಗೆ ಜೋಡಿಸಿದರೆ ಇನ್ನೂ ಒಳ್ಳೆಯದು. ಕ್ಯಾಮೆರಾವನ್ನು ಮುಖಕ್ಕೆ ಹಿಡಿಯದೆ ಎರಡೂ ಕೈ ಕಾಣುವಂತೆ ಬದಿಗೆ ಇಡಿ, ಮಣಿಕಟ್ಟಿನ ಬಾಗು ಕಾಣಲೇಬೇಕು.

ಹಂತ 9: ಸೇರಿದ ಮೇಲೆ

ಮೊದಲಿಗೆ ಎಂಟು ಪಾಠಕ್ಕೆ ಒಪ್ಪಿಕೊಳ್ಳಿ. ಹಂತ 3ರ ಐದು ರೆಕಾರ್ಡಿಂಗ್‌ಗಳನ್ನು ಅಳಿಸದೆ ಇಟ್ಟುಕೊಂಡು, ಎಂಟನೆಯ ಪಾಠದ ನಂತರ ಅದೇ ಐದನ್ನು ಮತ್ತೆ ಮಾಡಿ. ವ್ಯತ್ಯಾಸ ಕೇಳಿಸಿದರೆ ಮುಂದುವರಿಸಿ. ಕೇಳಿಸದಿದ್ದರೆ ಮೊದಲು ನಿಮ್ಮ ಅಭ್ಯಾಸದ ದಿನಗಳನ್ನು ಎಣಿಸಿ. ಅದು ಸರಿಯಿದ್ದರೆ ಎರಡೂ ರೆಕಾರ್ಡಿಂಗನ್ನು ಮೇಷ್ಟ್ರಿಗೆ ಕೇಳಿಸಿ, "ಸರ್, ಇದು ಯಾಕೋ ಅಲುಗಾಡ್ತಾ ಇಲ್ಲ, ಬೇರೆ ದಾರಿ ಇದೆಯಾ?" ಎಂದು ಕೇಳಿ. ಒಳ್ಳೆಯವರಿಗೆ ಈ ಪ್ರಶ್ನೆ ಇಷ್ಟವಾಗುತ್ತದೆ. ಉತ್ತರ ಸಿಗದಿದ್ದರೆ, ಅಥವಾ ಮುನಿಸು ಕಂಡರೆ, ಕೃತಜ್ಞತೆ ಹೇಳಿ ಬೇರೆಯವರನ್ನು ನೋಡಿಕೊಳ್ಳಿ. ಒಬ್ಬರ ಬಳಿ ಕಲಿಯಬೇಕಾದದ್ದು ಮುಗಿದು ಇನ್ನೊಬ್ಬರ ಬಳಿಗೆ ಹೋಗುವುದು ದ್ರೋಹವಲ್ಲ. ನನ್ನ ಮೇಷ್ಟ್ರೇ ಒಂದೂವರೆ ವರ್ಷದ ನಂತರ ಜ್ಯಾಝ್ ಕಲಿಯಲು ನನ್ನನ್ನು ಬೇರೊಬ್ಬರ ಬಳಿಗೆ ಕಳಿಸಿದರು, ಅವರಿಗೆ ತಾವೇ ಫೋನ್ ಮಾಡಿ ಹೇಳಿದರು.

ಇದೆಲ್ಲದರ ಜೊತೆಗೆ, ಮೊದಲ ಎರಡು ತಿಂಗಳೊಳಗೆ ಒಬ್ಬ ಡ್ರಮ್ಮರ್‌ನನ್ನು ಹುಡುಕಿ ವಾರಕ್ಕೊಮ್ಮೆ ಒಂದು ಗಂಟೆ ಕೂರಿ. ಅವರೂ ಹೊಸಬರಾದರೂ ಚಿಂತೆಯಿಲ್ಲ. ಒಂದೇ ಗ್ರೂವ್, ಎರಡೇ ಸ್ವರ, ಹತ್ತು ನಿಮಿಷ ನಿಲ್ಲಿಸದೆ. ಅಲ್ಲಿ ಎಡವಿದ್ದನ್ನು ಬರೆದುಕೊಂಡು ಮುಂದಿನ ಪಾಠಕ್ಕೆ ಒಯ್ಯಿರಿ.